ಮೋರೋ ಕತ್ತಿಯ ಮೇಲಿನ ಗುರುತುಗಳು: ಯಾವುದು ಬರಹ, ಯಾವುದು ತಾಯಿತ, ಯಾವುದು ಬರೀ ಅಲಂಕಾರ?

ಪ್ರಶ್ನೆ: ನನ್ನ ಸೋದರಮಾವ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಫಿಲಿಪೈನ್ಸ್‌ನ ಝಂಬೊವಾಂಗಾ ಬಂದರಿನಿಂದ ಅವರು ತಂದ ಕತ್ತಿಯೊಂದು ಈಗ ಉಡುಪಿಯ ನಮ್ಮ ಮನೆಯಲ್ಲಿದೆ. ಅಲಗು ಹಾವಿನ ಹಾಗೆ ಅಲೆಅಲೆಯಾಗಿದೆ. ಹಿಡಿಯ ತುದಿ ಗಿಳಿ ಕೊಕ್ಕಿನಂತಿದೆ, ನೋಡಿದರೆ ಕೊಡಗಿನ ಪೀಚೆಕತ್ತಿ ನೆನಪಾಗುತ್ತದೆ. ಅಲಗಿನ ಒಂದು ಬದಿಯಲ್ಲಿ ಹಿತ್ತಾಳೆ ಕೂರಿಸಿ ಅರಬ್ಬಿ ತರಹದ ಒಂದು ಸಾಲು ಬರೆದಿದ್ದಾರೆ. ಇನ್ನೊಂದು ಬದಿಯಲ್ಲಿ ಒಂಬತ್ತು ಮನೆಗಳ ಚೌಕ, ಅದರ ಪಕ್ಕ ಆರು ಮೂಲೆಯ ನಕ್ಷತ್ರ. ಪರಿಚಯದ ಮೌಲ್ವಿಯೊಬ್ಬರಿಗೆ ತೋರಿಸಿದೆ, ಆ ಸಾಲು ಓದಲು ಬರಲಿಲ್ಲ ಎಂದರು. ಒರೆಯಿಂದ ತೆಗೆದ ಮೇಲೆ ರಕ್ತ ತೋರಿಸದೆ ವಾಪಸ್ ಹಾಕಬಾರದು ಎಂದು ಮಾವ ಹೇಳುತ್ತಿದ್ದರು. ಅಮ್ಮನಿಗೆ ಯಾರೋ ಏನೋ ಮಂತ್ರಿಸಿ ಇಟ್ಟಿದ್ದಾರೆ ಎನ್ನುವ ಭಯ. ಒಂದೊಂದು ಗುರುತಿಗೂ ಒಂದೊಂದು ಅರ್ಥ ಕೊಡುವ ಪಟ್ಟಿಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಅವನ್ನು ನಂಬಬಹುದೇ? ಆಯುಧಪೂಜೆಗೆ ಇದನ್ನು ಇಡಬಹುದೇ?

ಉತ್ತರ: ಮೊದಲು ಅಮ್ಮನಿಗೆ ಧೈರ್ಯ ಹೇಳಿ. ನೀವು ವರ್ಣಿಸಿದ ಮೂರು ಗುರುತುಗಳೂ ಕಾಪಾಡಲಿ ಎಂದು ಹಾಕುವಂಥವು. ಯಾರಿಗೋ ಕೇಡಾಗಲಿ ಎಂದು ಹಾಕಿದ್ದು ಒಂದೂ ಅಲ್ಲ. ಇನ್ನು ರಕ್ತ ತೋರಿಸುವ ಕತೆ. ಗೂರ್ಖಾಗಳ ಕುಕ್ರಿಯ ಬಗ್ಗೆಯೂ ಇದೇ ಕತೆ ಹೇಳುತ್ತಾರೆ, ಇನ್ನೂ ಎಷ್ಟೋ ದೇಶದ ಕತ್ತಿಗಳ ಬಗ್ಗೆಯೂ ಹೇಳುತ್ತಾರೆ. ಕತ್ತಿ ಮಾರುವವರಿಗೆ ಬಹಳ ಅನುಕೂಲವಾದ ಕತೆ ಅದು. ಅಲಗಿಗೆ ಎಣ್ಣೆ ಹಚ್ಚಲು, ಸಾಣೆ ಹಿಡಿಯಲು ದಿನವೂ ಒರೆಯಿಂದ ತೆಗೆಯುತ್ತಿದ್ದವರು ಪ್ರತಿ ಸಲ ಬೆರಳು ಕೊಯ್ದುಕೊಳ್ಳುತ್ತಿದ್ದರಾ?

ಪಟ್ಟಿಗಳನ್ನು ನಂಬಬೇಡಿ. ಹಾಗೆಂದು ಗುರುತುಗಳಿಗೆ ಅರ್ಥವೇ ಇಲ್ಲ ಎಂದಲ್ಲ. ಒಂದೇ ಗುರುತು ಕತ್ತಿಯ ಮೇಲೆ, ಬಾಗಿಲ ಮೇಲೆ, ಬಾಣಂತಿಯ ಹಾಸಿಗೆಯ ಹತ್ತಿರ, ಹೀಗೆ ಎಲ್ಲ ಕಡೆ ಇರುತ್ತದೆ. ಅದು ಯಾವ ಕೈ ಬರೆದದ್ದು, ಯಾರಿಗಾಗಿ, ಆಯುಧದ ಯಾವ ಜಾಗದಲ್ಲಿ ಎನ್ನುವುದನ್ನು ಬಿಟ್ಟು ಬರೀ ಆಕಾರ ನೋಡಿ "ಇದು ಶೌರ್ಯ, ಇದು ಜಯ" ಎಂದು ಹೇಳುವುದು ಸುಮ್ನೆ ಊಹೆ. ನಿಮ್ಮ ಕತ್ತಿಯನ್ನೇ ಇಟ್ಟುಕೊಂಡು ನೋಡೋಣ.

ಇದು ಫಿಲಿಪೈನ್ಸ್‌ನ ದಕ್ಷಿಣದ ಮುಸ್ಲಿಮರ ಕ್ರಿಸ್ ಎನ್ನುವ ಕತ್ತಿ. ಸುಲು ದ್ವೀಪಗಳ ತೌಸುಗರು ಇದನ್ನು ಕಾಲಿಸ್ ಎನ್ನುತ್ತಾರೆ. ತೌಸುಗ್, ಮಗಿಂದನಾವ್, ಮರನಾವ್, ಯಾಕನ್, ಸಾಮಾ ಹೀಗೆ ಹಲವು ಜನಾಂಗಗಳಿವೆ. ಸ್ಪೇನಿನವರು ಬಂದಾಗ ಇವರನ್ನೆಲ್ಲ ಒಟ್ಟಿಗೆ ಮೋರೋ ಎಂದು ಕರೆದರು. ಇಸ್ಲಾಂ ಅಲ್ಲಿಗೆ ವ್ಯಾಪಾರದ ಹಡಗುಗಳಲ್ಲಿ ಬಂತು. ತಾವಿ-ತಾವಿಯ ಸಿಮುನುಲ್ ದ್ವೀಪದ ಮಸೀದಿ 1380ರದ್ದು ಎನ್ನುವುದು ಅಲ್ಲಿನ ನಂಬಿಕೆ. 15ನೇ ಶತಮಾನದಲ್ಲಿ ಸುಲು ಸುಲ್ತಾನರ ಆಳ್ವಿಕೆ ಶುರುವಾಯಿತು. ಅವರು ಸುನ್ನಿಗಳು, ಅದರಲ್ಲೂ ಶಾಫಿ ಎನ್ನುವ ಧರ್ಮಶಾಸ್ತ್ರ ಪದ್ಧತಿಯವರು. ನಿಮ್ಮ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಕೂಡ ಶಾಫಿಗಳೇ. ಅರಬ್ಬಿ ಸಮುದ್ರದಿಂದ ಮಲಯದವರೆಗೆ ಹಡಗುಗಳು ಓಡಾಡಿದ ದಾರಿಯ ಎರಡು ಕಡೆ ಇವು. ಉತ್ತರ ಭಾರತದಲ್ಲಿ ಇನ್ನೊಂದು ಪದ್ಧತಿಯ ಹನಫಿಗಳೇ ಹೆಚ್ಚು, ಕರಾವಳಿಯಲ್ಲಿ ಮಾತ್ರ ಶಾಫಿಗಳು ಯಾಕೆ ಎಂಬುದಕ್ಕೆ ಉತ್ತರವೂ ಆ ಸಮುದ್ರದಲ್ಲೇ ಇದೆ.

ಆದರೆ ಕ್ರಿಸ್‌ನ ಆಕಾರ ಇಸ್ಲಾಮಿನಿಂದ ಬಂದದ್ದಲ್ಲ, ಜಾವಾದ ಹಿಂದೂ ಕಾಲದ್ದು. ಇಲ್ಲಿಂದಲೇ ಶುರು ಮಾಡಬೇಕು, ಯಾಕೆಂದರೆ ಮೋರೋ ಕತ್ತಿಯಲ್ಲಿ ಅತಿ ದೊಡ್ಡ ರಕ್ಷೆ ಅಂದರೆ ಅಲಗಿನ ಆಕಾರವೇ. ಅಕ್ಷರಗಳು ಆಮೇಲೆ ಬಂದವು. ಮಧ್ಯ ಜಾವಾದ ಸುಕುಹ್ ಗುಡಿಯಲ್ಲಿ 15ನೇ ಶತಮಾನದ ಒಂದು ಉಬ್ಬುಶಿಲ್ಪವಿದೆ. ಭೀಮ ಕಮ್ಮಾರನಾಗಿ ಕೂತು ಕ್ರಿಸ್ ಬಡಿಯುತ್ತಿದ್ದಾನೆ. ಅರ್ಜುನ ತಿದಿ ಒತ್ತುತ್ತಿದ್ದಾನೆ. ನಡುವೆ ಆನೆಯ ತಲೆಯ ಗಣಪತಿಯಂಥ ಆಕೃತಿ ಕುಣಿಯುತ್ತಿದೆ. ಕಬ್ಬಿಣ ಕಾಯಿಸುವುದನ್ನು ಅಲ್ಲಿ ಪೂಜೆಯ ಮಟ್ಟಕ್ಕೆ ತಂದಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಕ್ರಿಸ್ ಜಾವಾದಿಂದ ಬೋರ್ನಿಯೋ, ಸುಲು ಕಡೆ ಬಂತು. ಬಂದ ಮೇಲೆ ಬೆಳೆಯಿತು. ಜಾವಾದ್ದು ಚುಚ್ಚುವ ಬಾಕು. ಮೋರೋ ಕ್ರಿಸ್ ಅದಕ್ಕಿಂತ ಉದ್ದ, ಅಗಲ, ತೂಕ. ಎರಡೂ ಕಡೆ ಕೂರಾಗಿ ಕಡಿಯಲು ಬರುವ ಪೂರಾ ಕತ್ತಿ.

ಅಲೆಯ ಅಲಗು ಅಂದರೆ ನಾಗ. ಹರಿಯುತ್ತಿರುವ ಹಾವು. ನೇರ ಅಲಗಿನ ಕ್ರಿಸ್ ಕೂಡ ಇದೆ, ಅದನ್ನು ಸುಮ್ಮನೆ ಮಲಗಿರುವ ಹಾವು ಎನ್ನುತ್ತಾರೆ. ಅಲೆಗಳು ಬೆಸ ಸಂಖ್ಯೆಯಲ್ಲಿರಬೇಕು ಎನ್ನುವ ಜಾವಾದ ಕಟ್ಟುಪಾಡು ಮೋರೋಗಳಲ್ಲಿಯೂ ಇದೆ. ಕೆಲವು ಅಲಗುಗಳ ಮೇಲೆ ಹಾವನ್ನೇ ಕೊರೆದಿರುತ್ತಾರೆ, ಬಾಲ ತುದಿಯಲ್ಲಿ, ತಲೆ ಹಿಡಿಯ ಹತ್ತಿರ. ಈಗ ಅಲಗಿನ ಬುಡ ನೋಡಿ. ಹಿಡಿಗೆ ತಾಗುವ ಕಡೆ ಅಲಗು ಅಡ್ಡಕ್ಕೆ ಅಗಲವಾಗುತ್ತದೆ. ಆ ತುಂಡಿಗೆ ಗಂಗ್ಯಾ ಎನ್ನುತ್ತಾರೆ. ಅದರ ಒಂದು ಬದಿಯಲ್ಲಿ ಒಂದು ಬಾಯಿ, ಮೇಲೆ ಬಾಗಿದ ಸೊಂಡಿಲಿನಂಥ ಕೊಂಡಿ ಕಾಣಬೇಕು. ಜಾವಾ, ಮಲಯದವರು ಅದನ್ನು ಆನೆಯ ಸೊಂಡಿಲು ಎಂದೇ ಕರೆಯುತ್ತಾರೆ. ಕೆಲವರಿಗೆ ಅದು ಹಕ್ಕಿಯ ಕೊಕ್ಕು, ಕೆಲವರಿಗೆ ನಾಗನ ಬಾಯಿ. ಅದು ನಮ್ಮ ಗಣಪತಿಯೇ ಎಂದು ಹೇಳುವವರೂ ಇದ್ದಾರೆ. ಸುಕುಹ್ ಶಿಲ್ಪ ನೋಡಿದವರಿಗೆ ಹಾಗನಿಸುವುದು ಸಹಜ. ಆದರೆ 19ನೇ ಶತಮಾನದ ತೌಸುಗ್ ಕಮ್ಮಾರ ಅದನ್ನು ಮಾಡುವಾಗ ಗಣಪತಿಯನ್ನು ನೆನೆದಿರಲಿಕ್ಕಿಲ್ಲ. ಕ್ರಿಸ್ ಅಂದರೆ ಹೀಗಿರಬೇಕು ಎಂದು ಅವನ ಅಪ್ಪ ಕಲಿಸಿದ್ದ, ಅಷ್ಟೇ.

ಹಿಡಿಯ ವಿಷಯ. ಅದು ಗಿಳಿಯಲ್ಲ, ಕಾಕಟೂ ಹಕ್ಕಿ. ಅಲ್ಲಿನ ಭಾಷೆಯಲ್ಲಿ ಕಾಕಾತುವಾ. ತಲೆಯ ಜುಟ್ಟು ಹಿಂದಕ್ಕೆ, ಕೊಕ್ಕು ಮುಂದಕ್ಕೆ ಬಾಗಿರುತ್ತದೆ. ದೊಡ್ಡ ಮನೆತನದವರ ಕತ್ತಿಗಳಲ್ಲಿ ಇದನ್ನು ದಂತದಲ್ಲಿ ಕೆತ್ತಿ, ಕೈ ಹಿಡಿಯುವ ಜಾಗಕ್ಕೆ ಬೆಳ್ಳಿ ಸುತ್ತುತ್ತಿದ್ದರು. ಪೀಚೆಕತ್ತಿಯ ಗಿಳಿಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ಬಾಗಿದ ಕೊಕ್ಕಿನ ತುದಿ ಕೈಯಿಂದ ಕತ್ತಿ ಜಾರದಂತೆ ತಡೆಯುತ್ತದೆ, ಆದ್ದರಿಂದ ಎರಡು ಊರಿನ ಜನ ಬೇರೆ ಬೇರೆಯಾಗಿಯೇ ಅದನ್ನು ಕಂಡುಕೊಂಡಿರಬಹುದು. ಮೋರೋಗಳ ಇನ್ನೊಂದು ಹೆಸರಾದ ಕತ್ತಿ ಕಂಪಿಲಾನ್. ತುಂಬ ಉದ್ದ, ಒಂದೇ ಕಡೆ ಕೂರು, ಹಿಡಿಯ ತುದಿ ಎರಡಾಗಿ ಸೀಳಿದ ಬಾಯಿಯಂತೆ. ಅದನ್ನು ಮೊಸಳೆಯ ಬಾಯಿ ಎನ್ನುವವರಿದ್ದಾರೆ, ಹಕ್ಕಿ ಎನ್ನುವವರೂ ಇದ್ದಾರೆ.

ಒಂದು ಪ್ರಶ್ನೆ ಬರುತ್ತದೆ. ಮುಸ್ಲಿಮರಲ್ಲಿ ಜೀವಿಗಳ ಚಿತ್ರ ಬೇಡ ಎನ್ನುತ್ತಾರಲ್ಲ, ನಾಗ, ಹಕ್ಕಿ ಹೇಗೆ ಬಂದವು? ಉತ್ತರ ಒಕಿರ್ ಎನ್ನುವ ಅಲಂಕಾರದಲ್ಲಿದೆ. ಸುಲುವಿನಲ್ಲಿ ಅದನ್ನು ಉಕ್ಕಿಲ್ ಎನ್ನುತ್ತಾರೆ. ಹಾವು ಬಳ್ಳಿಯಾಗುತ್ತದೆ, ಹಕ್ಕಿಯ ರೆಕ್ಕೆ ಎಲೆಯಾಗುತ್ತದೆ, ಜರೀಗಿಡದ ಸುರುಳಿ ಚಿಗುರು ಎಲ್ಲವನ್ನೂ ಜೋಡಿಸುತ್ತದೆ. ಮರನಾವ್ ದೊರೆಗಳ ಮನೆಗಳ ತೊಲೆಗಳ ತುದಿಯಲ್ಲೂ ಇದೇ ನಾಗ ಇದೆ. ಕಣ್ಣು, ಮೂಗು ಬಿಟ್ಟು ಬರೀ ತಿರುವುಗಳನ್ನು ಉಳಿಸಿಕೊಂಡರೆ ಯಾರೂ ಆಕ್ಷೇಪ ಎತ್ತುವಂತಿಲ್ಲ. ಗೊತ್ತಿದ್ದವರಿಗೆ ಮಾತ್ರ ಹಾವು ಕಾಣುತ್ತದೆ. ನಿಮ್ಮ ಒರೆಯ ಮೇಲೆ ಬಳ್ಳಿಯಂಥ ಕೆತ್ತನೆ ಇದ್ದರೆ ಅದನ್ನು ಬರೀ ಹೂಬಳ್ಳಿ ಎಂದು ಬಿಡದೆ ಇನ್ನೊಮ್ಮೆ ನೋಡಿ.

ಈಗ ಓದಲಾಗದ ಆ ಸಾಲು. ಮೌಲ್ವಿಗೆ ಓದಲು ಬರಲಿಲ್ಲ ಎಂದರೆ ಅವರ ತಪ್ಪಲ್ಲ. ಮೂರು ಕಾರಣ ಇರಬಹುದು. ಅದು ಅರಬ್ಬಿ ಅಕ್ಷರದಲ್ಲಿ ಬರೆದ ಮಲಯ್ ಅಥವಾ ತೌಸುಗ್ ಭಾಷೆಯಾಗಿರಬಹುದು. ಆ ಬರಹಕ್ಕೆ ಜಾವಿ ಎನ್ನುತ್ತಾರೆ, ಅರಬ್ಬಿಯಲ್ಲಿಲ್ಲದ ಧ್ವನಿಗಳಿಗೆ ಹೆಚ್ಚಿನ ಅಕ್ಷರಗಳೂ ಅದರಲ್ಲಿವೆ. ಹೆಸರು, ಹಿಜರಿ ಎನ್ನುವ ಇಸ್ಲಾಮಿ ಪಂಚಾಂಗದ ಇಸವಿ ಇದ್ದರೂ ಇರಬಹುದು. 1321 ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ 1903-04. ಎರಡನೆಯದು, ಅದು ತಾಯಿತದ ಬರಹವಾಗಿರಬಹುದು. ತಾಯಿತದಲ್ಲಿ ಅಕ್ಷರಗಳನ್ನು ಬೇಕೆಂದೇ ಬಿಡಿಬಿಡಿಯಾಗಿ ಬರೆಯುತ್ತಾರೆ, ಒಂದೇ ಅಕ್ಷರವನ್ನು ಮತ್ತೆ ಮತ್ತೆ ಬರೆಯುತ್ತಾರೆ, ಹಿಂದುಮುಂದು ಮಾಡುತ್ತಾರೆ. ಓದಲಿ ಎಂದು ಬರೆದದ್ದಲ್ಲ ಅದು. ಲಾಮ್ ಮತ್ತು ಅಲಿಫ್ ಎರಡೂ ಒಂದರ ಮೇಲೊಂದು ಹಾದು ಕತ್ತರಿಯ ಹಾಗೆ ಕಾಣುವ ಜೋಡಿ ಅಕ್ಷರ ಇಂಥ ಬರಹಗಳಲ್ಲಿ ಜಾಸ್ತಿ. ದೇವರೊಬ್ಬನೇ ಎಂದು ಸಾರುವ ಕಲಿಮಾ ಶುರುವಾಗುವುದೇ ಅದರಿಂದ.

ಮೂರನೆಯದೇ ನನಗೆ ಹೆಚ್ಚು ಕುತೂಹಲದ್ದು. ಬರೆದವನಿಗೂ ಓದಲು ಬರುತ್ತಿರಲಿಲ್ಲ. ಮಂತ್ರಿಸುವ ಗುರು ಕಾಗದದ ಮೇಲೆ ಬರೆದುಕೊಡುತ್ತಿದ್ದ. ಕಮ್ಮಾರ ಅದನ್ನು ನೋಡಿಕೊಂಡು ಅಲಗಿನ ಮೇಲೆ ಉಳಿಯಿಂದ ಕೊರೆದು, ಆ ಗೀರಿನಲ್ಲಿ ಹಿತ್ತಾಳೆಯ ಅಥವಾ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಿದ್ದ. ಬಿಂದು ಒಂದು ಬಿಟ್ಟುಹೋದರೆ ಅರಬ್ಬಿಯಲ್ಲಿ ಅಕ್ಷರವೇ ಬೇರೆಯಾಗುತ್ತದೆ. ಆ ಕತ್ತಿಯನ್ನು ನೋಡಿ ಇನ್ನೊಬ್ಬ ಕಮ್ಮಾರ ಕೊರೆದ. ಹೀಗೆ ಎರಡು ಮೂರು ಕೈ ದಾಟಿದ ಮೇಲೆ ಉಳಿಯುವುದು ಬರಹದ ನೆರಳು. ಸಂಗ್ರಹಕಾರರು ಇಂಥದ್ದನ್ನು ನಕಲಿ ಅರಬ್ಬಿ ಎಂದು ಬೆಲೆ ಕಡಿಮೆ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಸೊಂಟಕ್ಕೆ ಕಟ್ಟಿಕೊಂಡು ಹೋದವನಿಗೆ ಅದು ಕುರಾನಿನ ಮಾತೇ ಆಗಿತ್ತು. ಅವನಿಗೆ ಅದನ್ನು ಓದಬೇಕಾಗಿರಲಿಲ್ಲ, ಮೈಗೆ ತಾಗಿಕೊಂಡಿದ್ದರೆ ಸಾಕಿತ್ತು.

ಒಂಬತ್ತು ಮನೆಯ ಚೌಕದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಮನೆಗಳಲ್ಲಿ ಏನಿದೆ ಎಂದು ನೀವು ಬರೆದಿಲ್ಲ. ಅರಬ್ಬಿ ಅಂಕಿಗಳಿದ್ದರೆ ಗುರುತಿಸುವುದು ಸುಲಭ. ಅವರ ಐದು ನಮ್ಮ ಸೊನ್ನೆಯ ಹಾಗಿರುತ್ತದೆ. ಏಳು ಮೇಲಕ್ಕೆ ಬಾಯಿ ತೆರೆದ ಬಾಣದ ತುದಿ, ಎಂಟು ಅದೇ ತಲೆಕೆಳಗು. ಒಂದು ಬರೀ ಗೀಟು. ಮೇಲಿನ ಸಾಲು 4, 9, 2, ನಡುವಿನದು 3, 5, 7, ಕೆಳಗಿನದು 8, 1, 6 ಎಂದಿರಬಹುದು, ಅಥವಾ ಇದನ್ನೇ ತಿರುಗಿಸಿದ್ದು. ಅಡ್ಡ, ಉದ್ದ, ಮೂಲೆಯಿಂದ ಮೂಲೆ, ಹೇಗೆ ಕೂಡಿದರೂ 15.

ಅರಬ್ಬಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. ಲಾರಿಗಳ ಮೇಲೆ, ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ನೀವು ನೋಡಿದ 786 ಅಂದರೆ ಬಿಸ್ಮಿಲ್ಲಾ ವಾಕ್ಯದ ಅಕ್ಷರಗಳ ಒಟ್ಟು ಮೊತ್ತ. ಹಾಗೆಯೇ ಅಲ್ಲಾಹ್ ಎಂದರೆ 66, ಮುಹಮ್ಮದ್ 92, ಅಲಿ 110. ಈ ಚೌಕದ ಒಂದು ಸಾಲಿನ ಮೊತ್ತ 15 ಅಂದರೆ ಹವ್ವಾ, ಒಂಬತ್ತೂ ಮನೆಗಳ ಮೊತ್ತ 45 ಅಂದರೆ ಆದಂ. ಮನುಷ್ಯ ಕುಲದ ಅಪ್ಪ ಅಮ್ಮ ಇಬ್ಬರೂ ಒಂದು ಪುಟ್ಟ ಚೌಕದಲ್ಲಿ! ನಾಲ್ಕು ಮೂಲೆಗಳಲ್ಲಿ ಕೂರುವ ಸರಿ ಸಂಖ್ಯೆಗಳು 2, 4, 6, 8. ಅವುಗಳ ಅಕ್ಷರ ಜೋಡಿಸಿದರೆ ಬುದೂಹ್ ಎಂಬ ಪದ ಬರುತ್ತದೆ. ಆ ಪದಕ್ಕೆ ಅರ್ಥವಿಲ್ಲ, ಅರ್ಥ ಬೇಕಾಗಿಯೂ ಇಲ್ಲ. ಜಾಗ ಕಡಿಮೆ ಇರುವ ಕತ್ತಿಗಳ ಮೇಲೆ ಒಂಬತ್ತು ಮನೆ ಬಿಟ್ಟು ಈ ನಾಲ್ಕನ್ನೇ ನಾಲ್ಕು ಮನೆಯ ಚೌಕದಲ್ಲಿ ಹಾಕುತ್ತಾರೆ. ಇರಾನ್, ತುರ್ಕಿ, ಭಾರತದ ಕತ್ತಿಗಳಲ್ಲಿ ಇದು ಬಹಳ ಸಾಮಾನ್ಯ.

ಇದೇ ಒಂಬತ್ತು ಮನೆಯ ಚೌಕವನ್ನು 1111ರಲ್ಲಿ ತೀರಿಕೊಂಡ ಇಸ್ಲಾಮಿ ಪಂಡಿತ ಇಮಾಮ್ ಗಜಾಲಿ ತಮ್ಮ ಬರಹದಲ್ಲಿ ಪ್ರಸ್ತಾಪಿಸುತ್ತಾರೆ. ಯುದ್ಧಕ್ಕಲ್ಲ, ಹೆರಿಗೆಗೆ! ನೀರು ಸೋಕದ ಎರಡು ಬಟ್ಟೆ ತುಂಡುಗಳ ಮೇಲೆ ಬರೆದು, ನೋವು ತಿನ್ನುತ್ತಿರುವ ಹೆಂಗಸಿಗೆ ತೋರಿಸಿ, ಕಾಲಡಿ ಇಟ್ಟರೆ ಮಗು ಬೇಗ ಹೊರಬರುತ್ತದೆ ಎನ್ನುವುದು ಆಗಿನ ನಂಬಿಕೆ. ಹಾಗಾದರೆ ಕತ್ತಿಯ ಮೇಲಿರುವಾಗ ಅದರ ಅರ್ಥವೇನು? ಜಯವೇ? ರಕ್ಷೆಯೇ? ಆ ಚೌಕ ಹೇಳುವುದು ಇಷ್ಟೇ: ಎಲ್ಲ ಕಡೆಯಿಂದ ಸರಿಹೊಂದಿದೆ, ಎಲ್ಲಿಯೂ ಬಿರುಕಿಲ್ಲ. ಅದನ್ನು ಯಾವ ಕಷ್ಟದ ಬಾಗಿಲಲ್ಲಿ ಇಡುತ್ತೀರೋ ಅಲ್ಲಿ ಕೆಲಸ ಮಾಡುತ್ತದೆ ಎಂದು ನಂಬಿದ್ದರು. ನಮ್ಮ ಮನೆಗಳಲ್ಲಿರುವ ಕುಬೇರ ಯಂತ್ರ ಗೊತ್ತಲ್ವಾ, 27, 20, 25, ಹೇಗೆ ಕೂಡಿದರೂ 72? ಅದರ ಪ್ರತಿ ಮನೆಯಿಂದ 19 ಕಳೆದು ನೋಡಿ. ಇದೇ ಚೌಕ ಬರುತ್ತದೆ. ಚೀನಾದಲ್ಲೂ ಇದು ಬಹಳ ಹಿಂದಿನಿಂದ ಇದೆ. ಯಾರು ಯಾರಿಂದ ಕಲಿತರು ಎಂಬ ಜಗಳ ಬೇಡ. ಮೋರೋಗಳ ನಡುವೆ ಈ ಚೌಕ ಅಲಗಿಗಿಂತ ಕಾಗದ, ಬಟ್ಟೆಯ ತಾಯಿತಗಳಲ್ಲಿ ಜಾಸ್ತಿ. ನಿಮ್ಮದರಲ್ಲಿ ಅಲಗಿನ ಮೇಲೆಯೇ ಇದೆ ಎಂದರೆ ಅದು ಕತ್ತಿ ಹುಟ್ಟಿದ ದಿನದ್ದೋ, ಆಮೇಲೆ ಯಾರೋ ಕೊರೆಸಿದ್ದೋ ಎಂದು ನೋಡಬೇಕು. ಆ ಸಾಲಿನ ಹಾಗೆ ಹಿತ್ತಾಳೆ ಕೂರಿಸಿದ್ದಾರಾ, ಬರೀ ಗೀರಿದ್ದಾರಾ?

ಆರು ಮೂಲೆಯ ನಕ್ಷತ್ರ ನೋಡಿ ಇಸ್ರೇಲಿನ ನೆನಪು ಮಾಡಿಕೊಳ್ಳಬೇಡಿ. ಅದು ಸುಲೈಮಾನ್ ಪ್ರವಾದಿಯ ಮುದ್ರೆ. ಜಿನ್ನುಗಳನ್ನು ಹಿಡಿತದಲ್ಲಿಟ್ಟ ಉಂಗುರ ಅವರದು ಎನ್ನುವ ನಂಬಿಕೆ. ದೆಹಲಿಯ ಹುಮಾಯೂನ್ ಸಮಾಧಿಯ ಗೋಡೆಯ ಮೇಲೂ ಇದೆ. ಕೆಲವು ಕಡೆ ಐದು ಮೂಲೆಯದ್ದನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ.

ಉಳಿದ ಇಸ್ಲಾಮಿ ದೇಶಗಳ ಆಯುಧಗಳಲ್ಲಿ ಬರಹವೇ ಮುಖ್ಯ, ಅದೂ ಓದಲು ಬರುವ ಬರಹ. ತುರ್ಕಿ, ಇರಾನ್, ಮೊಗಲರ ಅರಮನೆಗಳಲ್ಲಿ ಸುಂದರ ಅಕ್ಷರ ಬರೆಯುವವರಿದ್ದರು, ಕಮ್ಮಾರನಿಗೆ ನೆರಳು ನೋಡಿ ಕೊರೆಯುವ ಗತಿ ಇರಲಿಲ್ಲ. ಅತಿ ಹೆಚ್ಚು ಕಾಣುವ ವಾಕ್ಯ ಕುರಾನಿನ 61ನೇ ಅಧ್ಯಾಯದ 13ನೇ ವಚನದ್ದು: ಅಲ್ಲಾಹನಿಂದ ನೆರವು, ಹತ್ತಿರದಲ್ಲೇ ಜಯ. ಬಾವುಟಗಳ ಮೇಲೂ ಅದೇ. 48ನೇ ಅಧ್ಯಾಯದ ಮೊದಲ ವಚನವೂ ಜಯದ ಮಾತೇ. ಕಬ್ಬಿಣದ ಬಗ್ಗೆಯೇ ಇರುವ 57:25ನೇ ವಚನ ಕತ್ತಿಗೆ ಹೇಳಿ ಮಾಡಿಸಿದಂತಿದೆ: ಕಬ್ಬಿಣವನ್ನು ನಾವು ಇಳಿಸಿದೆವು, ಅದರಲ್ಲಿ ದೊಡ್ಡ ಬಲವಿದೆ. ತುರ್ಕಿಯ ಯಾತಗಾನ್ ಕತ್ತಿಗಳ ಮೇಲೆ ಗುಹೆಯಲ್ಲಿ ನೂರಾರು ವರ್ಷ ಮಲಗಿದ್ದ ಏಳು ಯುವಕರ ಹೆಸರುಗಳನ್ನು ಬರೆಯುತ್ತಾರೆ. ಜೊತೆಗೆ ಅವರ ನಾಯಿ ಕಿತ್ಮೀರ್‌ನ ಹೆಸರನ್ನೂ. ಕಾವಲು ಕಾದವನಲ್ವಾ, ಅವನನ್ನು ಬಿಡುವ ಹಾಗಿಲ್ಲ. ಇದೇ ಹೆಸರುಗಳನ್ನು ಹಡಗುಗಳಿಗೆ, ಬೆಂಕಿ ಬೀಳದಿರಲಿ ಎಂದು ಮನೆಗಳಿಗೆ ಕೂಡ ಬರೆಯುತ್ತಿದ್ದರು.

ಎರಡು ನಾಲಿಗೆಯ ಝುಲ್ಫಿಕಾರ್ ಕತ್ತಿ ನಿಮಗೆ ಮೊಹರಂನಿಂದ ಪರಿಚಯ ಇರಬಹುದು. ಬದ್ರ್ ಯುದ್ಧದಲ್ಲಿ ಪ್ರವಾದಿಯವರ ಕೈಗೆ ಬಂದು, ಆಮೇಲೆ ಅಳಿಯ ಅಲಿಗೆ ಕೊಟ್ಟದ್ದು ಎನ್ನುತ್ತಾರೆ. ಅದು ನಿಜವಾಗಿ ಸೀಳು ತುದಿಯದ್ದಾಗಿತ್ತು ಎನ್ನಲು ಆಧಾರವಿಲ್ಲ, ಆ ಚಿತ್ರ ನಂತರದ್ದು. ಸೀಳು ತುದಿಯ ಕತ್ತಿಯಿಂದ ಯುದ್ಧ ಮಾಡುವುದೂ ಕಷ್ಟ. ಆದರೂ ತುರ್ಕಿಯ ಬಾವುಟಗಳ ಮೇಲೆ ಅದೇ ದೊಡ್ಡ ಚಿತ್ರ. "ಅಲಿಯಂಥ ವೀರನಿಲ್ಲ, ಝುಲ್ಫಿಕಾರ್‌ನಂಥ ಕತ್ತಿಯಿಲ್ಲ" ಎನ್ನುವ ಸಾಲು ಅಲಗುಗಳ ಮೇಲೆ. ಆ ತುರ್ಕರು ಸುನ್ನಿಗಳು ಎನ್ನುವುದನ್ನು ಗಮನಿಸಿ. ಅಲಿಯ ಹೆಸರು ಕಂಡ ಕೂಡಲೇ ಶಿಯಾ ಕತ್ತಿ ಎಂದು ಹೇಳುವುದು ಇನ್ನೊಂದು ಅವಸರ.

ನಮ್ಮ ನೆಲದಲ್ಲೇ ಇದಕ್ಕೆ ಅದ್ಭುತ ಉದಾಹರಣೆ ಇದೆ. ಟಿಪ್ಪುವಿನ ಆಯುಧಗಳ ಮೇಲಿನ ಹುಲಿಮುಖ. ದೂರದಿಂದ ಹುಲಿ. ಹತ್ತಿರ ಹೋದರೆ ಅಕ್ಷರ. "ಅಸದುಲ್ಲಾ ಅಲ್-ಗಾಲಿಬ್", ದೇವರ ಸಿಂಹ ಗೆಲ್ಲುವವನು ಎನ್ನುವ ಮಾತನ್ನು ಕನ್ನಡಿಯಲ್ಲಿ ಕಂಡಂತೆ ಎಡಕ್ಕೂ ಬಲಕ್ಕೂ ಬರೆದು ಕಣ್ಣು, ಮೂಗು, ಬಾಯಿ ಮಾಡಿದ್ದಾರೆ. ದೇವರ ಸಿಂಹ ಎಂದರೆ ಅಲಿ. ಹೈದರ್ ಎನ್ನುವುದೂ ಅಲಿಯ ಹೆಸರೇ. ಹಾಗಾಗಿ ಅಪ್ಪನ ಹೆಸರು, ಅಲಿಯ ಹೆಸರು, ಹುಲಿ ಮೂರೂ ಒಂದೇ ಗುರುತಿನಲ್ಲಿ ಬಂದವು. ಟಿಪ್ಪುವೂ ಸುನ್ನಿಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಆಯುಧಗಳು ಬ್ರಿಟನ್ನಿನ ಮನೆಮನೆ ಸೇರಿದವು.

ಬಿಜಾಪುರದವರು ಬರಹಕ್ಕಿಂತ ಪ್ರಾಣಿಗಳನ್ನು ನೆಚ್ಚಿಕೊಂಡರು. 16ನೇ ಶತಮಾನದ ಬಿಜಾಪುರದ ಬಾಕುಗಳ ಹಿಡಿಯಲ್ಲಿ ಡ್ರ್ಯಾಗನ್ ಸಿಂಹದ ಮೇಲೆ ಬೀಳುತ್ತದೆ, ಸಿಂಹ ಜಿಂಕೆಯ ಮೇಲೆ. ಅಲ್ಲಿನ ಮಲಿಕ್-ಎ-ಮೈದಾನ್ ಫಿರಂಗಿ ನೋಡಿದ್ದೀರಾ? 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿ ಸಿಂಹದ ಬಾಯಿ, ಹಲ್ಲುಗಳ ನಡುವೆ ಆನೆ ನುಜ್ಜಾಗಿದೆ. ನಿಮ್ಮ ಕತ್ತಿಯ ನಾಗನನ್ನು ಅರ್ಥ ಮಾಡಿಕೊಳ್ಳಲು ಅರಬ್ಬಿ ಪಂಡಿತರಿಗಿಂತ ಆ ಫಿರಂಗಿಯೇ ಜಾಸ್ತಿ ಸಹಾಯ ಮಾಡಬಹುದು.

ಮತ್ತೆ ಮೋರೋಗಳ ಕಡೆ ಬರೋಣ. ಕತ್ತಿಯ ಮೇಲಿನ ಗುರುತು ಅವರ ರಕ್ಷೆಯಲ್ಲಿ ಒಂದು ಭಾಗ ಮಾತ್ರ. ಅರಬ್ಬಿ ಬರಹ ತುಂಬಿದ ಅಂಗಿ, ಸೊಂಟದ ದಾರ, ಬಟ್ಟೆಯಲ್ಲಿ ಹೊಲಿದ ತಾಯಿತ ಇವೂ ಇದ್ದವು. ತುರ್ಕಿಯ ಸುಲ್ತಾನರೂ ಕವಚದ ಒಳಗೆ ಇಂಥ ಅಂಗಿ ಹಾಕುತ್ತಿದ್ದರು, ಇಸ್ತಾಂಬುಲ್‌ನ ತೋಪ್ಕಾಪಿ ಅರಮನೆಯಲ್ಲಿ ಅವು ಇವೆ. ಭಾರತದಲ್ಲಿ ಇಡೀ ಕುರಾನನ್ನೇ ಸಣ್ಣ ಅಕ್ಷರದಲ್ಲಿ ಬರೆದ ಅಂಗಿಗಳನ್ನು ಮಾಡಿದ್ದಾರೆ. ಸ್ಪೇನಿನವರ ವಿರುದ್ಧ, ಆಮೇಲೆ ಅಮೆರಿಕದವರ ವಿರುದ್ಧ, ಸಾಯಲು ಸಿದ್ಧನಾಗಿ ಒಬ್ಬನೇ ನುಗ್ಗುವವರಿದ್ದರು. ಅದಕ್ಕೆ ಪರಂಗ್ ಸಬೀಲ್ ಎನ್ನುತ್ತಾರೆ. ಹೊರಡುವ ಮೊದಲು ಸ್ನಾನ, ಮೈಕೂದಲು ಬೋಳಿಸುವುದು, ಬಿಳಿ ಬಟ್ಟೆ, ಕೈಕಾಲಿಗೆ ದಾರದ ಬಿಗಿ ಕಟ್ಟು, ಇಮಾಮರ ಪ್ರಾರ್ಥನೆ. ಇದೆಲ್ಲ ಆದ ಮೇಲೆ ಕೈಗೆ ಬರುವ ಕತ್ತಿ ಅಡುಗೆಮನೆಯ ಕತ್ತಿಯಾದರೂ ತಾಯಿತವೇ. ಗುರುತಿಲ್ಲದ ಎಷ್ಟೋ ಮೋರೋ ಕತ್ತಿಗಳು ಯಾಕೆ ಇವೆ ಎನ್ನುವುದಕ್ಕೆ ಇದೂ ಒಂದು ಉತ್ತರ.

ತಾಯಿತಗಳು ಗುಂಡನ್ನು ತಡೆಯಲಿಲ್ಲ. 1906ರ ಮಾರ್ಚ್‌ನಲ್ಲಿ ಹೋಲೊ ದ್ವೀಪದ ಬುದ್ ದಾಹೊ ಬೆಟ್ಟದ ಮೇಲೆ ಅಮೆರಿಕದ ಸೈನ್ಯ 600ಕ್ಕೂ ಹೆಚ್ಚು ಜನರನ್ನು ಕೊಂದಿತು, ಹೆಂಗಸರು, ಮಕ್ಕಳು ಸೇರಿ. 1913ರ ಜೂನ್‌ನಲ್ಲಿ ಬುದ್ ಬಾಗ್ಸಾಕ್‌ನಲ್ಲಿ ಮತ್ತೆ. ಈಗ ಅಮೆರಿಕದ ಮ್ಯೂಸಿಯಂಗಳಲ್ಲಿ, ಹಳೆಯ ಸೈನಿಕರ ಮನೆಗಳಲ್ಲಿ ಇರುವ ಒಳ್ಳೆಯ ಮೋರೋ ಕತ್ತಿಗಳಲ್ಲಿ ಎಷ್ಟೋ ಆ ವರ್ಷಗಳಲ್ಲಿ ಹೋದವು. ಹೋಗುವಾಗ ಯಾರ ಕತ್ತಿ, ಯಾವ ಗುರು ಬರೆದುಕೊಟ್ಟದ್ದು ಎಂದು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಅರ್ಥದ ಪಟ್ಟಿಗಳು ಹುಟ್ಟಿಕೊಂಡಿದ್ದು ಆ ಖಾಲಿ ಜಾಗದಲ್ಲಿ.

ಹಾಗಾದರೆ ನಿಮ್ಮದು ಯಾವ ಕಾಲದ್ದು? ಎರಡನೇ ಮಹಾಯುದ್ಧದ ನಂತರ ಸೈನಿಕರಿಗೆ, ನಾವಿಕರಿಗೆ ಮಾರಲೆಂದೇ ಕತ್ತಿಗಳು ರಾಶಿರಾಶಿ ತಯಾರಾದವು. ಮರದ ಗುರಾಣಿಯ ಮೇಲೆ ಪುಟ್ಟ ಪುಟ್ಟ ಕತ್ತಿ ಜೋಡಿಸಿ "ಮೋರೋಲ್ಯಾಂಡಿನ ಆಯುಧಗಳು" ಎಂದು ಬರೆದ ಫಲಕಗಳು ಎಲ್ಲ ಬಂದರಿನಲ್ಲೂ ಸಿಗುತ್ತಿದ್ದವು. ಮಾವ ಅಂಥದ್ದನ್ನು ತಂದಿರಬಹುದು, ಅಥವಾ ಯಾರದೋ ಮನೆಯ ಹಳೆಯದ್ದನ್ನೂ ತಂದಿರಬಹುದು. ಗಂಗ್ಯಾ ನೋಡಿದರೆ ಅರ್ಧ ಗೊತ್ತಾಗುತ್ತದೆ. ಹಳೆಯ ಕ್ರಿಸ್‌ಗಳಲ್ಲಿ ಅದು ಬೇರೆ ಲೋಹದ ತುಂಡು, ಅಲಗಿಗೆ ಬಿಗಿಯಾಗಿ ಕೂರಿಸಿದ್ದು, ನಡುವೆ ನಿಜವಾದ ಸಂದು ಇರುತ್ತದೆ. ಇತ್ತೀಚಿನವುಗಳಲ್ಲಿ ಎಲ್ಲ ಒಂದೇ ತುಂಡು, ಸಂದಿನ ಜಾಗದಲ್ಲಿ ಗೆರೆ ಎಳೆದಿರುತ್ತಾರೆ. ಹಳೆಯ ಅಲಗಿನ ಮೇಲೆ ಓರೆ ಬೆಳಕಿನಲ್ಲಿ ಮರದ ಎಳೆಗಳಂಥ ಪದರ ಕಾಣುತ್ತದೆ, ಬೇರೆ ಬೇರೆ ಕಬ್ಬಿಣ ಮಡಿಸಿ ಬಡಿದ ಗುರುತು. ಹೊಸದು ನುಣುಪಾಗಿ, ಒಂದೇ ಬಣ್ಣದಲ್ಲಿರುತ್ತದೆ. ಗುರುತುಗಳು ಎಷ್ಟು ಜಾಸ್ತಿ, ಎಷ್ಟು ಹೊಳೆಯುತ್ತವೆಯೋ ನನಗೆ ಅಷ್ಟು ಅನುಮಾನ. ಒಂದೇ ಅಲಗಿನ ಮೇಲೆ ಸಾಲು, ಚೌಕ, ನಕ್ಷತ್ರ ಮೂರೂ ಇವೆ ಎಂದಾಗ ಕೊಳ್ಳುವವನ ಕಣ್ಣಿಗಾಗಿ ಮಾಡಿದ್ದೇ ಎಂದು ಒಮ್ಮೆ ಯೋಚಿಸಿದೆ. ಆದರೆ ಸಾಲಿಗೆ ಹಿತ್ತಾಳೆ ಕೂರಿಸಿದ್ದಾರೆ ಎನ್ನುತ್ತೀರಿ, ಅದು ಸುಲಭದ ಕೆಲಸವಲ್ಲ.

ಆಯುಧಪೂಜೆಗೆ ಇಡಿ, ಅಡ್ಡಿಯಿಲ್ಲ. ಎರಡು ಮಾತು ಮಾತ್ರ. ಆ ಸಾಲಿನಲ್ಲಿ ಕುರಾನಿನ ಮಾತು ಇರಬಹುದು, ಆದ್ದರಿಂದ ನೆಲದ ಮೇಲೆ, ಕಾಲು ತಾಗುವ ಜಾಗದಲ್ಲಿ ಬೇಡ, ಮಣೆಯ ಮೇಲಿಡಿ. ಅರಿಶಿನ ಕುಂಕುಮ ಅಲಗಿಗೆ ಹಚ್ಚಬೇಡಿ, ಒರೆಗೆ ಒಂದು ಹೂ ಸಾಕು. ನಿಮ್ಮ ಕರಾವಳಿಯ ತೇವದಲ್ಲಿ ಕುಂಕುಮದ ಅಡಿ ತುಕ್ಕು ಹಿಡಿಯಲು ಒಂದು ಮಳೆಗಾಲ ಜಾಸ್ತಿಯಾಯಿತು. ಹಿತ್ತಾಳೆ ಹೊಳೆಯಲಿ ಎಂದು ಹುಣಸೆಹಣ್ಣು, ನಿಂಬೆ ತಿಕ್ಕಿದರೆ ಅಲಗಿಗೂ ಏಟು, ಕೂರಿಸಿದ ತಂತಿಯೂ ಸಡಿಲವಾಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ತೆಳ್ಳಗೆ ಹೊಲಿಗೆ ಮಿಷಿನ್ ಎಣ್ಣೆ ಸವರಿ. ಬರಿಗೈಯಲ್ಲಿ ಅಲಗು ಮುಟ್ಟಬೇಡಿ, ಬೆವರಿನ ಉಪ್ಪು ಗುರುತು ಬಿಡುತ್ತದೆ. ಒರೆಯೊಳಗೆ ತೇವ ನಿಲ್ಲುತ್ತದೆ, ಮಳೆಗಾಲದಲ್ಲಿ ಅಲಗನ್ನು ಹೊರಗೆ ಬಟ್ಟೆ ಸುತ್ತಿ ಇಡುವುದೇ ಒಳ್ಳೆಯದು.

ಸಾಧ್ಯವಾದರೆ ಮೂರು ಫೋಟೋ ಕಳಿಸಿ. ಗಂಗ್ಯಾದ್ದು ಪಕ್ಕದಿಂದ ಒಂದು. ಚೌಕದ್ದು ನೇರವಾಗಿ ಒಂದು, ಅಂಕಿಗಳು ಕಾಣುವ ಹಾಗೆ. ಆ ಸಾಲಿನದ್ದು ಸಂಜೆಯ ಓರೆ ಬೆಳಕಿನಲ್ಲಿ ಒಂದು, ಫ್ಲಾಶ್ ಹಾಕದೆ. ಕಳಿಸುವ ಮೊದಲು ಸಾಲಿನ ಫೋಟೋವನ್ನು ಫೋನಿನಲ್ಲೇ ಎಡಬಲ ತಿರುಗಿಸಿ ಆ ಮೌಲ್ವಿಯವರಿಗೆ ಇನ್ನೊಮ್ಮೆ ತೋರಿಸಿ. ಕಾಗದವನ್ನು ಮಗುಚಿ ಅಚ್ಚು ತೆಗೆದುಕೊಂಡ ಕಮ್ಮಾರನಾದರೆ ಬರಹ ಕನ್ನಡಿಯಲ್ಲಿ ಕಂಡಂತೆ ಬಂದಿರುತ್ತದೆ, ತಿರುಗಿಸಿದ ಕೂಡಲೇ ಓದಲು ಸಿಕ್ಕಿಬಿಡಬಹುದು.